ಕಡ್ಡಿಯ ರಕ್ತ

ಎಲ್ಲಕ್ಕೂ ಮೂಲ ಎರಡು ತುಂಡು ಕೇಕು.

ಉಕ್ಕಿನ ಗೋದಾಮಿನ ಕ್ರೇನ್ ಆಪರೇಟರನ್ನು ಎಲ್ಲರೂ ಕರೆಯುತ್ತಿದ್ದದ್ದು ‘ಡ್ರಮ್ಮಣ್ಣ’ ಎಂದು. ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾದ ದಿನದಿಂದ ಅವನು ಸಿಹಿಯ ಕಡೆ ಕಣ್ಣೆತ್ತಿ ನೋಡಿರಲಿಲ್ಲ. ಮೂರು ತಿಂಗಳು ದಿನಾ ಒಂದು ಗಂಟೆ ನಡೆದ, ಊಟ ಅರ್ಧ ಮಾಡಿದ, ಹನ್ನೊಂದು ಕಿಲೋ ಇಳಿದ. ಡ್ರಮ್ಮು ಬಕೆಟ್ಟಾದರೂ ಹೆಸರು ಮಾತ್ರ ಹಾಗೇ ಉಳಿಯಿತು. ಅಂಥವನು ನಿನ್ನೆ ವೆಲ್ಡರನ ಬೀಳ್ಕೊಡುಗೆಯಲ್ಲಿ ಸಿಕ್ಕಿಬಿದ್ದ.

“ತಗೋ ಅಣ್ಣ, ಒಂದು ತುಂಡಿಗೆ ಪ್ರಾಣ ಹೋಗಲ್ಲ. ನಾನೇನು ದಿನಾ ರಿಟೈರ್ ಆಗ್ತೀನಾ?” ಎಂದು ವೆಲ್ಡರ್ ಬಾಯಿಗೇ ತುರುಕಿದ. ಮೊದಲ ತುಂಡು ದಾಕ್ಷಿಣ್ಯಕ್ಕೆ. ಎರಡನೆಯದು, ಸುಳ್ಳೇಕೆ, ಆಸೆಗೆ.

ಇವತ್ತು ಬೆಳಿಗ್ಗೆ ರಕ್ತ ಪರೀಕ್ಷೆ, ಹೊರಗಿನ ಲ್ಯಾಬಿನವರು ಬಂದಿದ್ದರು. ಖಾಲಿ ಹೊಟ್ಟೆಯ ಸಕ್ಕರೆ ಇನ್ನೂರು ದಾಟಿದವನು ಕ್ರೇನ್ ಹತ್ತುವ ಹಾಗಿಲ್ಲ, ಅದು ಕಂಪನಿಯ ನಿಯಮ. ಹಿಂದಿನ ಸಲ ಅಂಚಿಗೆ ಬಂದು ನಿಂತಿತ್ತು. ಇಪ್ಪತ್ತೆರಡು ವರ್ಷ ನಲವತ್ತಾರು ಮೆಟ್ಟಿಲಿನ ಏಣಿ ಹತ್ತಿ, ಮೇಲಿನ ಗಾಜಿನ ಕೋಣೆಯಲ್ಲಿ ಕೂತು, ಹತ್ತು ಟನ್ ಉಕ್ಕನ್ನು ತೊಟ್ಟಿಲಿಗೆ ಮಗು ಮಲಗಿಸಿದ ಹಾಗೆ ಇಳಿಸಿದವನು ಅವನು. ಕೆಳಗೆ ಗೇಟಿನಲ್ಲಿ ಕೂತು ಲಾರಿಗಳಿಗೆ ಚೀಟಿ ಹರಿದುಕೊಡುವುದು ಅವನ ಮಟ್ಟಿಗೆ ಬದುಕೇ ಅಲ್ಲ.

ಸಾಲಿನಲ್ಲಿ ನಿಂತವರು ಸುಮ್ಮನಿರಬೇಕಲ್ಲ!

“ಕೇಕು ತಿಂದ್ಯಾ? ಮೂರು ದಿನ ರಕ್ತದಲ್ಲೇ ಕೂತಿರುತ್ತೆ,” ಎಂದ ಒಬ್ಬ.

“ಮೂರಲ್ಲ, ಏಳು,” ಎಂದ ಇನ್ನೊಬ್ಬ. “ನಮ್ಮ ಷಡ್ಡಕ ಒಂದೇ ಒಂದು ಚಾಕಲೇಟಿಗೆ ಕೆಲಸ ಕಳ್ಕೊಂಡ.”

ಡ್ರಮ್ಮಣ್ಣನಿಗೆ ಮೂರು ತಿಂಗಳ ತಪಸ್ಸೆಲ್ಲ ನೀರಿನಲ್ಲಿ ಹೋಮ ಮಾಡಿದ ಹಾಗಾಯಿತಲ್ಲ ಎಂದು ಅಳುವೇ ಬಂತು. ಅದನ್ನು ನೋಡಲಾರದೆ ಅವನನ್ನು ಮೂಲೆಗೆ ಎಳೆದವನು ಸ್ಟೋರ್ ಕೀಪರ್ ‘ಕಡ್ಡಿ’. ಇಬ್ಬರೂ ಒಂದೇ ದಿನ ಕೆಲಸಕ್ಕೆ ಸೇರಿದವರು.

“ಆ ಟೋಕನ್ ಇಲ್ಲಿ ಕೊಡು. ಲ್ಯಾಬಿನೋರಿಗೆ ನಮ್ಮ ಮುಖ ಎಲ್ಲಿ ಗೊತ್ತು? ನಾನು ಕೊಡ್ತೀನಿ ರಕ್ತ.”

“ಬೇಡ ಕಣೋ, ತಪ್ಪಾಗುತ್ತೆ.”

“ಸುಮ್ನಿರೋ! ನನ್ನ ಮೈಯಲ್ಲಿ ಸಕ್ಕರೆ ಇರೋಕೆ ಜಾಗ ಎಲ್ಲಿದೆ?”

ಮಾತು ಸರಿಯೇ ಅನ್ನಿಸಿತು. ಸ್ಟೋರಿನವರಿಗೆ ಪರೀಕ್ಷೆಯ ಗೊಡವೆಯೇ ಇರಲಿಲ್ಲ. ಮಧ್ಯಾಹ್ನದವರೆಗೆ ಏನೂ ತಿನ್ನದಿರುವುದು ಕಡ್ಡಿಯ ಹಳೆಯ ಅಭ್ಯಾಸ. ಒಳಗೆ ಹೋದ, ತೋಳು ಮಡಚಿಕೊಂಡು ಗೆದ್ದವನಂತೆ ಹೊರಗೆ ಬಂದ.

ಮಧ್ಯಾಹ್ನ ಕಂಪನಿಯ ನರ್ಸಮ್ಮ ಡ್ರಮ್ಮಣ್ಣನಿಗೆ ಹೇಳಿಕಳಿಸಿದರು. ಕೈಯಲ್ಲಿ ಕಾಗದ, ಮುಖದಲ್ಲಿ ಗಾಬರಿ.

“ಏನಣ್ಣ ಇದು? ಮುನ್ನೂರ ಎಂಬತ್ತು! ಇನ್ನು ಏಣಿ ಮುಟ್ಟಬೇಡಿ. ತುಂಬಾ ಬಾಯಾರುತ್ತಾ? ರಾತ್ರಿ ನಾಲ್ಕೈದು ಸಲ ಏಳ್ತೀರಾ? ಹೀಗೇ ಬಿಟ್ರೆ ಕಣ್ಣು ಹೋಗುತ್ತೆ, ಕಿಡ್ನಿ ಹೋಗುತ್ತೆ.”

ಡ್ರಮ್ಮಣ್ಣನಿಗೆ ಕ್ರೇನು ಮರೆತೇಹೋಯಿತು. ಕಡ್ಡಿಯ ಮೇಜಿನ ಮೇಲೆ ಸದಾ ಇರುವ ದೊಡ್ಡ ನೀರಿನ ಬಾಟಲಿ ಕಣ್ಣಮುಂದೆ ಬಂತು. ಕಡ್ಡಿ ದಿನಕ್ಕೆ ನಾಲ್ಕು ಸಲ ಅದನ್ನು ತುಂಬಿಸಿ ತರುತ್ತಿದ್ದ. ಡ್ರಮ್ಮಣ್ಣ ಕಾಗದ ಹಿಡಿದುಕೊಂಡು ಸ್ಟೋರಿಗೆ ಓಡಿದ.

“ಕಡ್ಡಿ, ನಿಂಗೆ ಸಕ್ಕರೆ ಕಾಯಿಲೆ ಇದೆ ಕಣೋ!”

ಕಡ್ಡಿ ಕಾಗದ ಓದಿ ನಕ್ಕ. “ಹೆಸರು ಯಾರದು ನೋಡು. ಕೇಕು ತಿಂದೋನು ನೀನು, ಕಾಯಿಲೆ ನಂಗಾ?”

“ರಕ್ತ ನಿಂದಲ್ವೇನೋ!”

“ಲ್ಯಾಬಿನೋರು ಸೀಸೆ ಅದಲು ಬದಲು ಮಾಡಿರ್ತಾರೆ. ನಿನ್ನ ರೋಗ ನನ್ನ ತಲೆಗೆ ಕಟ್ಟಬೇಡ.”

“ಒಂದೇ ಒಂದು ಸಲ ನರ್ಸಮ್ಮನ ಹತ್ರ ಬಾ. ನಿನ್ನ ದಮ್ಮಯ್ಯ.”

“ಸತ್ರೂ ಬರಲ್ಲ,” ಎಂದು ಕಡ್ಡಿ ಬಾಟಲಿ ಎತ್ತಿ ಗಟಗಟ ಕುಡಿದ.

ಡ್ರಮ್ಮಣ್ಣ ಬೇಡಿದ, ಬೈದ, ಕೈ ಹಿಡಿದು ಎಳೆದ. ಕಡ್ಡಿ ಜಗ್ಗಲಿಲ್ಲ. ಇವನನ್ನು ಎಬ್ಬಿಸಬೇಕಾದರೆ ಮೇಲಿನವರ ಹುಕುಂ ಬೇಕು, ಹುಕುಂ ಬೇಕಾದರೆ ನಿಜ ಹೇಳಬೇಕು, ನಿಜ ಹೇಳಿದರೆ ತನ್ನ ಕಥೆ ಮುಗಿಯಿತು. ಅತ್ತ ದರಿ, ಇತ್ತ ಪುಲಿ. ಎರಡು ನಿಮಿಷ ಬಾಗಿಲಲ್ಲಿ ನಿಂತ. ಆಮೇಲೆ ನರ್ಸಮ್ಮನ ಕೋಣೆಯ ಮೆಟ್ಟಿಲು ಹತ್ತಿ ಅವರ ಮುಂದೆ ನಿಂತು ಹೇಳಿಬಿಟ್ಟ: “ಅಮ್ಮ, ಅದು ನನ್ನ ರಕ್ತ ಅಲ್ಲ. ಸ್ಟೋರಿನ ಕಡ್ಡೀದು. ನಿನ್ನೆ ಎರಡು ತುಂಡು ಕೇಕು ತಿಂದೆ ಅಂತ ಹೆದರಿ ಅವನ ಕೈಲಿ ಕೊಡಿಸ್ದೆ. ಮೊದಲು ಅವನನ್ನ ನೋಡಿ.”

ನರ್ಸಮ್ಮ ಸಿಟ್ಟಿನಲ್ಲಿ ಅವನ ಬೆರಳಿಗೆ ಸೂಜಿ ಚುಚ್ಚಿದರು. ಹೆದರಿಕೆಗೆ ಅವನೂ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಯಂತ್ರ ನೂರ ನಾಲ್ಕು ತೋರಿಸಿತು.

“ಅಯ್ಯೋ ಪುಣ್ಯಾತ್ಮ, ನಿಮ್ಮದೇ ಕೊಟ್ಟಿದ್ರೆ ಪಾಸಾಗ್ತಿದ್ರಲ್ಲ! ಎರಡು ತುಂಡು ಕೇಕಿಗೆ ಯಾರಾದ್ರೂ ಹೀಗೆ ಮಾಡ್ಕೋತಾರಾ?”

ಸೂಪರ್‌ವೈಸರ್ ಬಂದರು, ಕೇಳಿದರು, ತಲೆ ಅಲ್ಲಾಡಿಸಿದರು. “ಸಕ್ಕರೆ ಇದ್ದಿದ್ರೆ ಮಾತ್ರೆ ಕೊಡಿಸ್ತಿದ್ದೆ. ಮೋಸಕ್ಕೆ ಎಲ್ಲಿಂದ ತರಲಿ? ನಾಳೆಯಿಂದ ಗೇಟಿನಲ್ಲಿ ಕೂತ್ಕೊಳ್ಳಿ.”

ಕಡ್ಡಿಯನ್ನು ಸೂಪರ್‌ವೈಸರೇ ಕರೆತಂದರು. ಅವನ ಬೆರಳಿನಿಂದ ಬಂದದ್ದು ನಾನೂರ ಆರು. ನರ್ಸಮ್ಮ ಅವತ್ತೇ ಆಸ್ಪತ್ರೆಗೆ ಕಳಿಸಿದರು. ಸಂಜೆ ಅಲ್ಲಿನ ಬೆಂಚಿನ ಮೇಲೆ ಔಷಧಿಯ ಚೀಟಿ ಹಿಡಿದು ಕೂತ ಕಡ್ಡಿ ಪಕ್ಕದಲ್ಲಿದ್ದ ಡ್ರಮ್ಮಣ್ಣನ ಕಡೆ ತಿರುಗಿದ.

“ನೀನು ಬಾಯಿ ಮುಚ್ಕೊಂಡು, ಇನ್ನೊಂದು ಸಲ ಪರೀಕ್ಷೆ ಮಾಡಿ ಅಂತ ಕೇಳಿದ್ರೆ ಕ್ರೇನು ಉಳೀತಿತ್ತು, ಅಲ್ವಾ?” ಎಂದ.

ಡ್ರಮ್ಮಣ್ಣನಿಗೆ ಅದು ಹೊಳೆದೇ ಇರಲಿಲ್ಲ. ಈಗ ಹೊಳೆದು ಹೊಟ್ಟೆ ಉರಿಯಿತು. ಆದರೂ ಹೇಳಿದ, “ಉಳೀತಿತ್ತು. ನಾಳೆ ಬೆಳಿಗ್ಗೆ ಐದೂವರೆಗೆ ಬೂಟು ಹಾಕ್ಕೊಂಡು ನಿಂತಿರು. ಒಂದು ಗಂಟೆ ನಡೀಬೇಕು.”