ಸಮುದ್ರಕ್ಕೆ ಸಿಹಿನೀರು ಹಾಕುವ ಯಂತ್ರ

ಕೆಲವರು ಗುಟ್ಟಾಗಿ ಕವನ ಬರೆಯುತ್ತಾರೆ, ಕೆಲವರು ಗುಟ್ಟಾಗಿ ಮೀಸೆಗೆ ಬಣ್ಣ ಹಚ್ಚಿಕೊಳ್ಳುತ್ತಾರೆ. ನಾನು ಬೀದರಿನಂಥ ಊರಿನಲ್ಲಿ, ಅದೂ ಬರಗಾಲದಲ್ಲಿ, ಗುಟ್ಟಾಗಿ ಒಂದು ಸಮುದ್ರವನ್ನು ಸಾಕಿಕೊಂಡಿದ್ದೆ. ಗುಟ್ಟಾಗಿ ಎಂದರೆ ನಮ್ಮ ಗಲ್ಲಿಯ ಮಟ್ಟಿಗೆ. ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಏಕೆಂದರೆ ಅದು ನಡುಮನೆಯ ಅರ್ಧ ಜಾಗವನ್ನು ಆಕ್ರಮಿಸಿತ್ತು. ಹೊರಗಿನವರಿಗೆ ಕಾಣದಿರಲೆಂದು ಬೀದಿ ಕಡೆಯ ಕಿಟಕಿಗೆ ದಪ್ಪ ಪರದೆ ಹಾಕಿಸಿದ್ದೆ. ಕೊಡ ಹಿಡಿದು ಟ್ಯಾಂಕರಿಗಾಗಿ ಕಾಯುತ್ತಿರುವ ನೆರೆಹೊರೆಯವರ ಮುಂದೆ, ಗಾಜಿನ ಪೆಟ್ಟಿಗೆಯೊಳಗೆ ನೀರು ತುಂಬಿಟ್ಟು ಮೀನು ಈಜಾಡಿಸುತ್ತಿದ್ದೇನೆ ಎಂದು ಹೇಳಿಕೊಳ್ಳುವುದು ಹೇಗೆ?

ಈ ಸಮುದ್ರ ನಾನು ಬಯಸಿ ತಂದದ್ದಲ್ಲ. ನನ್ನ ಗೆಳೆಯನೊಬ್ಬ ಹಲ್ಲಿನ ಡಾಕ್ಟರು. ಅವನ ದವಾಖಾನೆಯಲ್ಲಿ ರೋಗಿಗಳು ಕಾಯುವ ಕೋಣೆಯಲ್ಲಿ ಇದು ಇತ್ತು. ಹಲ್ಲುನೋವಿನವರು ಮೀನು ನೋಡುತ್ತ ನೋವು ಮರೆಯಲಿ ಎಂಬುದು ಅವನ ಲೆಕ್ಕ. ದವಾಖಾನೆಯನ್ನು ಹೈದರಾಬಾದಿಗೆ ವರ್ಗಾಯಿಸಿಕೊಳ್ಳುವಾಗ ಕುರ್ಚಿ, ಯಂತ್ರ, ಇಕ್ಕಳ ಎಲ್ಲವನ್ನೂ ಒಯ್ದು, ಸಮುದ್ರವೊಂದನ್ನು ನನಗೆ ಬಿಟ್ಟುಹೋದ. ಅದರಲ್ಲಿ ಕಿತ್ತಳೆ ಮೈಗೆ ಬಿಳಿ ಪಟ್ಟೆ ಬಳಿದುಕೊಂಡ ಎರಡು ಮೀನು, ಗಾಜು ನೆಕ್ಕುತ್ತ ತಿರುಗುವ ಒಂದು ಶಂಖದ ಹುಳು, ಮತ್ತೆ ಕಲ್ಲಿಗೆ ಅಂಟಿಕೊಂಡು ಬೆರಳಿನಂತೆ ಅಲ್ಲಾಡುವ ಮೆತ್ತನೆಯ ಹವಳ. ವರ್ಷಾನುಗಟ್ಟಲೆ ಊದಿದ ಗಲ್ಲಗಳನ್ನೇ ನೋಡಿ ರೂಢಿಯಾಗಿದ್ದ ಆ ಮೀನುಗಳು, ಮೊದಲ ದಿನ ನಮ್ಮ ಮನೆಯವರ ನೆಟ್ಟಗಿನ ಮುಖ ನೋಡಿ ಕಲ್ಲಿನ ಹಿಂದೆ ಅಡಗಿ ಕುಳಿತವು.

ಉಪ್ಪುನೀರಿನ ಮೀನು ಸಾಕುವುದರಲ್ಲಿ ಒಂದು ತಕರಾರಿದೆ. ಬಿಸಿಲಿಗೆ ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಹೋಗುವುದಿಲ್ಲ. ಹಾಗಾಗಿ ನೀರು ಕಡಿಮೆಯಾದಷ್ಟೂ ಉಳಿದ ನೀರು ಹೆಚ್ಚು ಉಪ್ಪಾಗುತ್ತದೆ. ಅದನ್ನು ಸರಿಪಡಿಸಲು ದಿನವೂ ಸಿಹಿನೀರು, ಅದೂ ಫಿಲ್ಟರಿನ ಶುದ್ಧ ನೀರು, ಗಾಜಿನ ಮೇಲೆ ಎಳೆದ ಗೆರೆಯವರೆಗೆ ಹಾಕಬೇಕು. ನಮ್ಮ ಬೇಸಿಗೆಯಲ್ಲಿ ಬೆಳಿಗ್ಗೆ ಗೆರೆ ಮುಟ್ಟಿದ ನೀರು ಸಂಜೆಗೆ ಕೆಳಗಿಳಿದು ನಾಚಿಕೊಂಡಿರುತ್ತಿತ್ತು. ಈ ವಿಷಯವನ್ನು ನನ್ನ ಅವ್ವನಿಗೆ ಎಷ್ಟು ಸಲ ಬಿಡಿಸಿ ಹೇಳಿದರೂ ಒಪ್ಪಲಿಲ್ಲ. ಅವಳು ಹಲಬರ್ಗಾದವಳು, ತರ್ಕದಲ್ಲಿ ಬಲು ಗಟ್ಟಿ.

"ಉಪ್ಪುನೀರಿನ ಮೀನಿಗಿ ಸಪ್ಪನ ನೀರು ಹಾಕ್ತಿ. ಅದಕ್ಕ ರುಚಿ ಹ್ಯಾಂಗ ಹತ್ತಬೇಕೋ ತಮ್ಮಾ?" ಎಂದು ಕೇಳುತ್ತಿದ್ದಳು.

ಒಂದು ದಿನ ನಾನಿಲ್ಲದಾಗ ನೀರು ಹಾಕುವ ಕೆಲಸ ಅವಳ ಪಾಲಿಗೆ ಬಂತು. ಗೆರೆಯವರೆಗೆ ಸರಿಯಾಗಿ ಹಾಕಿದಳು. ಆಮೇಲೆ, ಬೇಳೆಸಾರಿಗೆ ಹಾಕುವಂತೆ, ಅಡುಗೆಮನೆಯ ಡಬ್ಬಿಯಿಂದ ಒಂದು ಹಿಡಿ ಉಪ್ಪನ್ನೂ ಹಾಕಿ ಕೈ ಝಾಡಿಸಿದಳು. ಮೀನುಗಳು ಬದುಕಿದವು. ಹವಳ ಮಾತ್ರ ಸಿಟ್ಟಿನಿಂದ ಬೆರಳು ಮಡಚಿಕೊಂಡು ಕುಳಿತುಬಿಟ್ಟಿತು.

ಅದೇ ಹೊತ್ತಿಗೆ ಕಚೇರಿಯಲ್ಲಿ ನನ್ನನ್ನು ಬರಗಾಲದ ಕೆಲಸಕ್ಕೆ ಹಾಕಿದರು. ಔರಾದ ಕಡೆಯ ಹಳ್ಳಿಗಳಿಗೆ ಟ್ಯಾಂಕರ್ ಸರಿಯಾಗಿ ಹೋಗುತ್ತದೆಯೋ ಇಲ್ಲವೋ ನೋಡಿಕೊಳ್ಳಬೇಕು, ಅಲ್ಲಿಯೇ ಉಳಿಯಬೇಕು, ರವಿವಾರ ಮಾತ್ರ ಮನೆಗೆ ಬರಬಹುದು. ಹೆಂಡತಿ ಸುಮಿತ್ರಾ ಭಾಲ್ಕಿಯ ಸಾಲೆಯಲ್ಲಿ ವಿಜ್ಞಾನದ ಮಾಸ್ತರಿಣಿ. ಬೆಳಿಗ್ಗೆ ರೈಲು ಹತ್ತಿದರೆ ಸಂಜೆಯೇ ಇಳಿಯುವುದು. ಉಳಿದವಳು ಅವ್ವ ಮತ್ತು ಅವಳ ಉಪ್ಪಿನ ಡಬ್ಬಿ. ಹೀಗಾಗಿ ನೀರು ಇಳಿದ ಹಾಗೆಲ್ಲ ತಾನಾಗಿಯೇ ಹಾಕುವ ಯಂತ್ರವೊಂದು ಬೇಕೇ ಬೇಕು ಎಂದು ನಿರ್ಧರಿಸಿದೆ. ಸಾವಿರಾರು ಜನರಿಗೆ ನೀರು ಮುಟ್ಟಿಸಲು ಹೊರಟವನು ಎರಡು ಮೀನಿಗೆ ನೀರು ಮುಟ್ಟಿಸುವ ಚಿಂತೆಯಲ್ಲಿ ಬಿದ್ದೆ.

ಹೈದರಾಬಾದಿನ ಮೀನಿನ ಅಂಗಡಿಯವನಿಗೆ ಫೋನು ಮಾಡಿದೆ. ಅವನಿಗೆ ಮೀನು ಮಾರುವುದಕ್ಕಿಂತ ಮಾತು ಮಾರುವುದರಲ್ಲೇ ಆಸಕ್ತಿ. "ಸಾಹೇಬ್ರ, ಮೂರು ನಮೂನಿ ಅದಾವರಿ" ಎಂದು ಶುರುಮಾಡಿದ. ಒಂದು, ಮನೆಯ ಮೇಲಿನ ಟಾಕಿಯಲ್ಲಿರುವಂಥ ತೇಲುವ ಚೆಂಡು. ನೀರು ಇಳಿದರೆ ಚೆಂಡು ಇಳಿಯುತ್ತದೆ, ನೀರು ಬರುತ್ತದೆ. ಇದಕ್ಕೆ ಕರೆಂಟು ಬೇಡ, ಆದರೆ ಉಪ್ಪು ಕಟ್ಟಿಕೊಂಡು ಚೆಂಡು ಅಂಟಿಕೊಳ್ಳಬಹುದು. ಎರಡನೆಯದಕ್ಕೆ ಬೆಳಕಿನ ಕಣ್ಣು. ಅದು ನೀರಿನ ಮಟ್ಟವನ್ನು ನೋಡುತ್ತ ಕುಳಿತು, ಬೇಕಾದಾಗ ಪುಟ್ಟ ಪಂಪು ಓಡಿಸುತ್ತದೆ. ಆದರೆ ಶಂಖದ ಹುಳು ಬಂದು ಆ ಕಣ್ಣಿನ ಮೇಲೆ ಕುಳಿತರೆ ಯಂತ್ರ ಕುರುಡಾಗುತ್ತದೆ. ಮೂರನೆಯದು ಎಲ್ಲ ಮಾಡುತ್ತದೆ, ಜೊತೆಗೆ ಮೊಬೈಲಿಗೆ ಸುದ್ದಿಯನ್ನೂ ಕಳಿಸುತ್ತದೆ.

"ನೀವು ಔರಾದದಾಗ ಕುಂತು ಮೀನಿನ ಖಬರ್ ತಿಳ್ಕೋಬೋದ್ರಿ" ಎಂದ.

"ಔರಾದದಾಗ ನನ್ನ ಮೊಬೈಲಿಗಿ ಹೆಂಡತಿ ಫೋನೇ ಹತ್ತಂಗಿಲ್ಲಪ್ಪ" ಎಂದೆ.

"ಹಂಗಾರ ಆರಾಮ್ ಇದ್ದೀರಿ ಬಿಡ್ರಿ" ಎಂದ ಆ ಪುಣ್ಯಾತ್ಮ.

ಅಂದು ರಾತ್ರಿಯ ಊಟಕ್ಕೆ ಜೋಳದ ರೊಟ್ಟಿಯ ಜೊತೆಗೆ ಈ ಮೂರು ಯಂತ್ರಗಳನ್ನೂ ಸುಮಿತ್ರಾಳಿಗೆ ಬಡಿಸಿದೆ. ಅವಳು ಎಲ್ಲ ಕೇಳಿ, ಒಂದೇ ಪ್ರಶ್ನೆ ಹಾಕಿದಳು.

"ಮೂರೂ ಛಲೋ ನಡದಾಗ ಏನಾಗ್ತದಂತ ಹೇಳಿದ್ರಿ. ಕೆಟ್ರ ಏನಾಗ್ತದ?"

"ಹೊಸಾದು ಯಾಕ ಕೆಡ್ತದ?"

"ಕೆಡ್ತದಂತ ಹೇಳ್ಲಿಲ್ಲರಿ. ಕೆಟ್ರ, ಅಂದೆ."

ಮಕ್ಕಳಿಗೆ ಪ್ರಶ್ನೆ ಕೇಳಿ ಕೇಳಿ ಇವಳಿಗೆ ಇದೊಂದು ಚಟವಾಗಿದೆ ಎಂದುಕೊಂಡು ಕೈ ತೊಳೆದೆ. ಮರುದಿನವೇ ಬೆಳಕಿನ ಕಣ್ಣಿನ ಯಂತ್ರಕ್ಕೆ ಹೇಳಿಬಿಟ್ಟೆ.

ಪಾರ್ಸಲು ಬಂದ ಮೇಲೆ ರವಿವಾರ ಬೆಳಿಗ್ಗೆ ಅದನ್ನು ಕೂಡಿಸಲು ನಿಂತೆ. ಯಂತ್ರದ ಜೊತೆ ಬಂದಿದ್ದ ಚೀಟಿಯಲ್ಲಿ ನೀರಿನ ಪಾತ್ರೆಯನ್ನು ಕೆಳಗೆ ಇಡಬೇಕೆಂದು ಚಿತ್ರ ಬರೆದಿತ್ತು. ನನಗೆ ಅದು ಬುದ್ಧಿಯಿಲ್ಲದವರ ಕೆಲಸ ಅನಿಸಿತು. ಮೇಲಿಂದ ನೀರು ಬಂದರೆ ಪುಟ್ಟ ಪಂಪಿಗೆ ಎಷ್ಟು ಅನುಕೂಲ! ನೀಲಿ ಡ್ರಮ್ಮೊಂದನ್ನು ಗೋಡೆಯ ಮೇಲಿನ ಕಟ್ಟೆಗೆ ಏರಿಸಿ, ಹಲವು ದಿನಗಳಿಂದ ಕೂಡಿಟ್ಟಿದ್ದ ಫಿಲ್ಟರ್ ನೀರನ್ನೆಲ್ಲ ತುಂಬಿ, ಪಂಪನ್ನು ಅದರಲ್ಲಿ ಮುಳುಗಿಸಿ, ಪೈಪಿನ ಇನ್ನೊಂದು ತುದಿಯನ್ನು ಸಮುದ್ರದೊಳಗೆ ಇಳಿಬಿಟ್ಟೆ. ಸ್ವಿಚ್ಚು ಹಾಕಿದೆ. ಪಂಪು ಗುಂಯ್ ಎಂದಿತು, ನೀರು ಗೆರೆ ಮುಟ್ಟಿತು, ಪಂಪು ನಿಂತಿತು. ಆಹಾ! ಅವ್ವನ ಮುಂದೆ ಎದೆಯುಬ್ಬಿಸಿ, ಸ್ನಾನಕ್ಕೆ ಹೋದೆ.

ಪಂಪು ನಿಂತಿತ್ತು, ನೀರು ನಿಂತಿರಲಿಲ್ಲ. ಸ್ಕೂಟರಿನ ಟಾಕಿಗೆ ನಳಿಗೆ ಹಾಕಿ ಒಮ್ಮೆ ಎಳೆದುಬಿಟ್ಟರೆ ಪೆಟ್ರೋಲು ತಾನಾಗಿ ಸುರಿಯುತ್ತದಲ್ಲ, ಹಾಗೆ ಮೇಲಿನ ಡ್ರಮ್ಮು ಕೆಳಗಿನ ಸಮುದ್ರಕ್ಕೆ ಸದ್ದಿಲ್ಲದೆ ಇಳಿಯುತ್ತಲೇ ಇತ್ತು. ಸಮುದ್ರ ತುಂಬಿತು, ಅಂಚು ದಾಟಿತು, ನಡುಮನೆ ಹಾಯ್ದು, ಹೊಸ್ತಿಲು ಇಳಿದು, ಮೆಟ್ಟಿಲು ಮೆಟ್ಟಿಲಾಗಿ ಗಲ್ಲಿ ಸೇರಿತು. ಬಚ್ಚಲಲ್ಲಿದ್ದ ನನಗೆ ಕೇಳಿಸಿದ್ದು ಅವ್ವನ ಕೂಗು: "ತಮ್ಮಾ, ನಿನ್ನ ಸಮುದ್ರ ಓಡಿ ಹೊಂಟದ ನೋಡೋ!"

ಟವೆಲು ಸುತ್ತಿಕೊಂಡು ಹೊರಬಂದೆ. ಡ್ರಮ್ಮಿನಿಂದ ಪೈಪು ಕಿತ್ತು, ಬಾಗಿಲಿಗೆ ಬಂದರೆ, ಎದುರುಮನೆಯ ಶಾಂತಾಬಾಯಿ ಆಗಲೇ ಬಕೆಟ್ಟು ಹಿಡಿದು ನಮ್ಮ ಮೆಟ್ಟಿಲ ಕೆಳಗೆ ಕುಳಿತಿದ್ದಳು. ಶಾಂತಾಬಾಯಿಗೆ ಅವ್ವನದೇ ವಯಸ್ಸು, ನಮಗೆಲ್ಲ ಕಾಕು, ಅಂದರೆ ಚಿಕ್ಕಮ್ಮ; ಒಬ್ಬಳೇ ಇರುತ್ತಾಳೆ. ನಳದ ಪೈಪು ಒಡೆದಿದೆ ಎಂದು ತಿಳಿದು, ಒಂದು ಹನಿಯೂ ಹಾಳಾಗದಂತೆ ನೀರು ಗೋರಿ ಗೋರಿ ತುಂಬುತ್ತಿದ್ದಳು. ಹಿಂದೆ ಇನ್ನೂ ನಾಲ್ಕಾರು ಜನ ಕೊಡ ತರಲು ಓಡುತ್ತಿದ್ದರು. ಟ್ಯಾಂಕರ್ ಸಾಹೇಬನ ಮನೆಯಿಂದ ಗಲ್ಲಿಗೆ ನೀರು ಹರಿಯುತ್ತಿದೆ! ಭೂಮಿ ಬಾಯಿಬಿಟ್ಟು ನನ್ನನ್ನು ಟವೆಲಿನ ಸಮೇತ ನುಂಗಬಾರದೇ ಅನಿಸಿತು.

ಶಾಂತಾಬಾಯಿ ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡಳು. ಮುಖ ಕಿವುಚಿದಳು.

"ಇದೇನ್ರಿ ಸಾಹೇಬ್ರ, ಉಪ್ಪುಪ್ಪು ಅದ?"

ಸುಳ್ಳು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವ್ವ ಹಿಂದಿನಿಂದ, "ಸಮುದ್ರದ ನೀರು ಶಾಂತಾ. ಒಳಗ ಬಾ, ಮೀನಾ ನೋಡು" ಎಂದುಬಿಟ್ಟಳು.

ಬೈಗುಳ ಬೀಳುತ್ತದೆಂದು ನಾನು ಕಾದೆ. ಶಾಂತಾಬಾಯಿ ಬಕೆಟ್ಟು ಕೆಳಗಿಟ್ಟು ಒಳಗೆ ಬಂದಳು. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು, ಗಾಜಿನೊಳಗೆ ಬಹಳ ಹೊತ್ತು ನೋಡಿದಳು. ಅವಳ ಮಗಳು ರೇಣುಕಾ ಮತ್ತು ಅಳಿಯ ಎರಡು ವರ್ಷದ ಹಿಂದೆ, ಇಲ್ಲಿ ಕೆಲಸ ಸಿಗದೆ, ಮುಂಬಯಿಗೆ ಹೋಗಿದ್ದರು. ಮಗಳು ಬಸುರಿಯಾದಾಗಿನಿಂದ ಫೋನು ಮಾಡಿ ಮಾಡಿ ಕರೆಯುತ್ತಿದ್ದಳು. ಶಾಂತಾಬಾಯಿ ಮಾತ್ರ ಒಲ್ಲೆನೆನ್ನುತ್ತಿದ್ದಳು. ಗಲ್ಲಿಗೆಲ್ಲ ಗೊತ್ತಿದ್ದ ವಿಷಯ ಅದು, ಕಾರಣ ಯಾರಿಗೂ ಗೊತ್ತಿರಲಿಲ್ಲ.

"ನಮ್ಮ ರೇಣುಕಾನ ಊರಾಗಿನ ನೀರು ಹಿಂಗೇ ಇರ್ತದೇನ್ರಿ?" ಎಂದು ಕೇಳಿದಳು.

"ಕುಡಿಯೋ ನೀರಲ್ಲರಿ ಕಾಕು. ಊರ ಬಾಜೂಕಿನ ಸಮುದ್ರದ್ದು ಹಿಂಗೇ ಇರ್ತದ."

"ನಂಗ ಅದರದೇ ಅಂಜಿಕಿ. ಟೀವ್ಯಾಗ ನೋಡೀನಿ. ಮನಿ ಎತ್ತರ ಏಳ್ತದ, ಮಂದಿಗಿ ಎಳಕೊಂಡು ಹೋಗ್ತದ" ಎಂದಳು. ಮತ್ತೆ ಗಾಜಿನ ಹತ್ತಿರ ಬಾಗಿ, "ಇದರಾಗ ಇಂಥ ಚಂದದ ಜೀವ ಇರ್ತಾವಂತ ಗೊತ್ತಿರ್ಲಿಲ್ಲ" ಎಂದಳು.

ಅವಳು ಹೋಗುವಾಗ ಆ ಬಕೆಟ್ಟಿನ ಉಪ್ಪುನೀರನ್ನು ಚೆಲ್ಲಲಿಲ್ಲ. ಕಾಲುನೋವಿಗೆ ಕಾಯಿಸಿ ಹಾಕಿಕೊಳ್ಳುತ್ತೇನೆಂದು ಒಯ್ದಳು.

ತವರಿಗೆ ಹೋಗಿದ್ದ ಸುಮಿತ್ರಾ ಸಂಜೆ ಬಂದು ನಡುಮನೆ ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿ ಕೆಲಸಕ್ಕೆ ನಿಂತಳು. "ಕೆಟ್ರ ಏನಾಗ್ತದಂತ ಕೇಳಿದ್ದು ಇದಕ್ಕೇರಿ" ಎಂದಳು. ಯಂತ್ರ ಕೆಟ್ಟಿರಲೇ ಇಲ್ಲ, ಕೆಟ್ಟದ್ದು ನನ್ನ ತಲೆ ಎಂದು ತಿಳಿಸಿ ಹೇಳುವಷ್ಟು ಧೈರ್ಯ ನನಗಿರಲಿಲ್ಲ. ಅವಳು ಡ್ರಮ್ಮನ್ನು ಬಿಟ್ಟು ಒಂದು ಬಕೆಟ್ಟನ್ನು ಆರಿಸಿದಳು. ಅದನ್ನು ನೆಲದ ಮೇಲಿಟ್ಟಳು, ಪೈಪಿನ ತುದಿ ನೀರಿಗೆ ತಾಗದಂತೆ ಮೇಲೆ ಬಿಗಿದಳು. ಪಂಪು ಹುಚ್ಚು ಹಿಡಿದು ಬಕೆಟ್ಟನ್ನೆಲ್ಲ ಖಾಲಿ ಮಾಡಿದರೂ ಸಮುದ್ರ ಅಂಚು ದಾಟಬಾರದು, ಮೀನೂ ಸಾಯಬಾರದು, ಅಷ್ಟೇ ನೀರು. ಶಂಖದ ಹುಳು ಏರದಂತೆ ಕಣ್ಣಿಗೊಂದು ಜಾಳಿಗೆ. ಪೆಟ್ಟಿಗೆಯ ಮುಕ್ಕಾಲು ಭಾಗಕ್ಕೆ ಗಾಜು ಮುಚ್ಚಿದ್ದರಿಂದ ಆವಿಯಾಗಿ ಹೋಗುವ ನೀರೂ ಕಡಿಮೆಯಾಯಿತು. ಫಿಲ್ಟರು ಬೇಡವೆಂದು ಹೊರಹಾಕುವ ನೀರನ್ನು ಶಾಂತಾಬಾಯಿಗೆ ಪಾತ್ರೆ ತೊಳೆಯಲು ಕೊಡುವುದೆಂದು ಅವ್ವ ತೀರ್ಪು ಕೊಟ್ಟಳು. ಅಂಗಡಿಯವನ ಮೂರು ನಮೂನೆಯಲ್ಲಿ ಯಾವುದು ಒಳ್ಳೆಯದೆಂದು ನಾನು ಅಷ್ಟೆಲ್ಲ ತೂಗಿದ್ದೆ. ಎಲ್ಲಿಡಬೇಕು, ಎಷ್ಟಿಡಬೇಕು ಎಂಬುದೇ ಮುಖ್ಯ ಪ್ರಶ್ನೆಯೆಂದು ಹೊಳೆದದ್ದು ನೆಲ ಒರೆಸುವಾಗ.

ಕೊಚ್ಚಿಹೋದ ಉಪ್ಪಿನ ಬದಲು ಮೀನಿನ ಅಂಗಡಿಯ ಉಪ್ಪನ್ನು ದಿನವೂ ಚೂರುಚೂರು ಬೆರೆಸಿದ ಮೇಲೆ ಉಪ್ಪಿನ ಹದ ನಿಧಾನವಾಗಿ ಮೊದಲಿನಂತಾಯಿತು. ಕಿಟಕಿಯ ದಪ್ಪ ಪರದೆಯನ್ನು ಅವ್ವ ತೆಗೆದುಬಿಟ್ಟಳು. ಗಲ್ಲಿಗೆಲ್ಲ ಗೊತ್ತಾದ ಮೇಲೆ ಪರದೆ ಯಾಕೆಂದು ಅವಳ ವಾದ.

ನಾನು ಔರಾದಕ್ಕೆ ಹೋದೆ. ಹಗಲೆಲ್ಲ ಟ್ಯಾಂಕರಿನ ಹಿಂದೆ ಧೂಳು ತಿನ್ನುವುದು, ಸಂಜೆ ಸಿಗ್ನಲ್ಲು ಹುಡುಕಿ ದಿಬ್ಬ ಹತ್ತಿ ಮನೆಗೆ ಫೋನು ಮಾಡುವುದು. ಅವ್ವ ಫೋನು ಎತ್ತಿದರೆ, "ನೀರು ಗೆರಿಗಿ ಅದ. ಹವಳ ಬೆರಳು ಬಿಚ್ಚೇದ. ಶಾಂತಾ ಬಂದಾಳ, ಇಡ್ತೇನಿ" ಎಂದು ಇಟ್ಟುಬಿಡುತ್ತಿದ್ದಳು. ನಾನು ಉಂಡೆನೋ ಇಲ್ಲವೋ ಎಂಬ ಪ್ರಶ್ನೆ ಆ ದಿನಗಳಲ್ಲಿ ಹೇಗೋ ಆವಿಯಾಗಿತ್ತು. ಶಾಂತಾಬಾಯಿ ಪ್ರತಿ ಸಂಜೆ ಬಂದು, ಮೀನಿಗೆ ಕಾಳು ಹಾಕಿ, ಅಲ್ಲಿಯೇ ಕುಳಿತು ಮಗಳಿಗೆ ಫೋನು ಮಾಡುತ್ತಿದ್ದಳಂತೆ. ಪಂಪು ಗುಂಯ್ ಎಂದರೆ, "ನಮ್ಮ ಸಮುದ್ರ ನೀರು ಕುಡ್ಯಾಕತ್ತದ, ಕೇಳವ್ವ" ಎಂದು ಮೊಬೈಲನ್ನು ಗಾಜಿಗೆ ಹಿಡಿಯುತ್ತಿದ್ದಳಂತೆ.

ಒಂದು ರವಿವಾರ ನಾನು ಮನೆಗೆ ಬಂದಾಗ ಅವಳು ಗಂಟು ಕಟ್ಟಿಕೊಂಡು ನಮ್ಮ ನಡುಮನೆಯಲ್ಲೇ ಕುಳಿತಿದ್ದಳು. ಮಗಳಿಗೆ ದಿನ ತುಂಬಿದ್ದವು.

"ಹೋಗ್ತೇನ್ರಿ ಸಾಹೇಬ್ರ. ಕೂಸಿನ ಮಾರಿ ನೋಡ್ಬೇಕು. ಸಮುದ್ರ ಏನ್ ಮಾಡ್ತದ, ಅದೂ ನೋಡ್ತೇನಿ" ಎಂದಳು.

ಹಲಬರ್ಗಾದಲ್ಲಿರುವ ಶಾಂತಾಬಾಯಿಯ ತಂಗಿಯ ಮನೆಯವರೂ ಕೆಲಸಕ್ಕೆಂದು ಮುಂಬಯಿಗೆ ಹೊರಟು, ಅದೇ ರೈಲಿಗೆ ಭಾಲ್ಕಿಯಲ್ಲಿ ಹತ್ತುವವರಿದ್ದರು. ಅವರ ಜೊತೆ ಮಾಡಿಕೊಡಲು ನಾನು, ಸುಮಿತ್ರಾ ಭಾಲ್ಕಿಯ ಸ್ಟೇಶನ್ನಿನವರೆಗೆ ಹೋದೆವು. ಪ್ಲಾಟ್‌ಫಾರ್ಮಿನ ತುಂಬ ಗಂಟು ಮೂಟೆಯ ಜನ. ಶಾಂತಾಬಾಯಿ ರೈಲಿನ ಡಬ್ಬಿಯ ಮೆಟ್ಟಿಲನ್ನು ಯಾರ ಆಸರೆಯೂ ಇಲ್ಲದೆ ಏರಿದಳು. ರೈಲು ಅಲುಗಿದಾಗ ಕಿಟಕಿಯಿಂದ ತಲೆ ಹೊರಹಾಕಿ, "ಯಂತ್ರಕ್ಕ ಕೈ ಹಚ್ಚಬ್ಯಾಡ್ರಿ ಸಾಹೇಬ್ರ! ಏನರ ಆದ್ರ ಸುಮಿತ್ರಾಗ ಕೇಳ್ರಿ!" ಎಂದು ಕೂಗಿದಳು. ಪ್ಲಾಟ್‌ಫಾರ್ಮಿನ ಮಂದಿಯೆಲ್ಲ ತಿರುಗಿ ನನ್ನನ್ನು ನೋಡಿದರು.

ಮೊಮ್ಮಗಳು ಹುಟ್ಟಿದ ಸುದ್ದಿ ಬಂತು. ಮತ್ತೆ ಕೆಲವು ದಿನಗಳಾದ ಮೇಲೆ ಶಾಂತಾಬಾಯಿಯೇ ಫೋನು ಮಾಡಿದಳು. ಅಳಿಯ ಅವಳನ್ನು ಸಮುದ್ರದ ದಂಡೆಗೆ ಕರೆದೊಯ್ದಿದ್ದನಂತೆ. ನಾನು ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದೆ.

"ಹ್ಯಾಂಗ ಅದರಿ ಕಾಕು, ಸಮುದ್ರ?"

"ಭಾಳ ದೊಡ್ಡದದ್ರಿ. ಮಣಕಾಲ ತನಕ ಇಳದು ನಿಂತಿದ್ದೆ, ಏನೂ ಮಾಡ್ಲಿಲ್ಲ. ಆದ್ರ ಒಂದ್ ಮೀನೂ ಕಾಣಲಿಲ್ಲ ನೋಡ್ರಿ. ನಮ್ಮದೇ ಛಲೋ ಅದ."

ಫೋನು ಇಟ್ಟು, ಅರಬ್ಬೀ ಸಮುದ್ರವನ್ನೇ ಸೋಲಿಸಿದ ಠೀವಿಯಲ್ಲಿ ಸುಮಿತ್ರಾಳ ಕಡೆ ನೋಡಿದೆ.

"ಕೇಳ್ದಿ? ನನ್ನ ಸಮುದ್ರ ಛಲೋ ಅದಂತ."

"ನಮ್ಮದು ಅಂದಾರ್ರಿ" ಎಂದಳು ಅವಳು, ಉತ್ತರಪತ್ರಿಕೆಗಳಿಂದ ತಲೆ ಎತ್ತದೆ. "ಬಕೆಟ್ ಖಾಲಿ ಆಗ್ಯದ, ನೋಡ್ರಿ."

ಎದ್ದುಹೋಗಿ ನೀರು ತುಂಬಿದೆ.