ಹೀರೋ ಮುಖದ ಮೇಲೆ ನನ್ನ ನೈಟಿ

ವಿಡಿಯೋ ಎಡಿಟಿಂಗ್ ಅಂಥ ದೊಡ್ಡ ವಿದ್ಯೆಯೇನಲ್ಲ ಎಂಬ ತೀರ್ಮಾನಕ್ಕೆ ನಾನು ಬಂದದ್ದು ನನ್ನ ಓರಗಿತ್ತಿ ಪವಿತ್ರಾಳ ವಿಡಿಯೋ ನೋಡಿದ ಮೇಲೆ. ಅವಳ ಗಂಡ, ಅಂದರೆ ನನ್ನ ಮೈದುನ ಕುಮಾರ, ಅಕ್ಕೂರಿನಲ್ಲಿ ಒಬ್ಬ ಹೀರೋನ ಅಭಿಮಾನಿ ಸಂಘದ ಅಧ್ಯಕ್ಷ. ಹೋದ ವರ್ಷ ಹೀರೋನ ಹುಟ್ಟುಹಬ್ಬಕ್ಕೆ ಇವಳು ಮಾಡಿದ ಹಾಡಿನ ವಿಡಿಯೋದಲ್ಲಿ ಗುಲಾಬಿಯೊಂದು ಅರಳುತ್ತಿತ್ತು, ಅದರೊಳಗಿಂದ ಹೀರೋನ ತಲೆ ಮೇಲೇಳುತ್ತಿತ್ತು, ಸುತ್ತ ಆರು ಪಾರಿವಾಳ ಹಾರುತ್ತಿದ್ದವು. ಒಂದು ಹಿಮ್ಮುಖವಾಗಿ ಹಾರುತ್ತಿತ್ತು! ಅದಕ್ಕೂ ಊರು ಚಪ್ಪಾಳೆ ತಟ್ಟಿತು.

ಅತ್ತೆಯ ಮನೆಯಲ್ಲಿ ನಾನು 'ಕಾನ್ವೆಂಟ್ ಸೊಸೆ'. ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಬಾರದ, ರೇಷ್ಮೆಹುಳು ಕಂಡರೆ ಸೀರೆ ಎತ್ತಿ ಹಿಡಿದು ನಿಲ್ಲುವ ಸೊಸೆ. ಹದಿನಾರು ವರ್ಷದಲ್ಲಿ ಆ ಮನೆಗೆ ನನ್ನಿಂದ ಒಂದು ಉಪಯೋಗವೂ ಆಗಿರಲಿಲ್ಲ. ಈ ಸಲವಾದರೂ ಆಗಲಿ ಎಂದು, "ಕುಮಾರ, ಈ ವರ್ಷದ ವಿಡಿಯೋ ನಂದು" ಎಂದುಬಿಟ್ಟೆ.

"ನಿಮ್ಗೆ ಬತ್ತದಾ ಅತ್ಗೆ?"

"ಓದ್ಕೊಂಡು ಮಾಡ್ತೀನಪ್ಪ."

ಓದಿದೆ. ಮೊದಲು ಸ್ಪಷ್ಟವಾದ ದೃಶ್ಯ ಆರಿಸಿ, ಆಮೇಲೆ ನಿಮಗೆ ತಕ್ಕ ಸಾಫ್ಟ್‌ವೇರ್ ಆರಿಸಿ ಎಂದು ಇಂಟರ್ನೆಟ್ಟಿನಲ್ಲಿ ಯಾರೋ ಬರೆದಿದ್ದರು. ಇಷ್ಟೇ! ಅಲ್ಲಿ ಸಿಗುವ ತುಣುಕುಗಳ ಮೇಲೆಲ್ಲ ಯಾರ್ಯಾರದೋ ಹೆಸರಿತ್ತು. ಎಂಜಲು ನನಗೆ ಬೇಡ. ಭಾನುವಾರ ಎಣ್ಣೆಸ್ನಾನ ಮುಗಿಸಿ, ರಾಮನಗರದ ನಮ್ಮ ಮನೆಯ ಟಿವಿಯಲ್ಲಿ ಆ ಹೀರೋನ ಸಿನಿಮಾ ಬಂದಾಗ ಫೋನು ಹಿಡಿದು ಎದುರೇ ಕುಳಿತೆ. ದೃಶ್ಯ ಸ್ಪಷ್ಟವಾಗಿರಬೇಕಲ್ಲ! ಟಿವಿಯ ಗಾಜನ್ನು ಮೊದಲು ಒದ್ದೆ ಬಟ್ಟೆಯಿಂದ, ಆಮೇಲೆ ಒಣ ಬಟ್ಟೆಯಿಂದ, ಕನ್ನಡಿಯಂತೆ ಹೊಳೆಯುವವರೆಗೆ ಒರೆಸಿದ್ದೆ.

ಇನ್ನು ಸಾಫ್ಟ್‌ವೇರ್. ಮೊದಲನೆಯದು ಉಚಿತ, ಅದಕ್ಕೆ ಪ್ರತಿಯಾಗಿ ತನ್ನ ಹೆಸರನ್ನು ಹೀರೋನ ಹಣೆಗೆ ನಾಮದಂತೆ ಬಳಿಯಿತು. ಎರಡನೆಯದನ್ನು ಯಜಮಾನರ ಲ್ಯಾಪ್‌ಟಾಪಿಗೆ ಹಾಕಿದೆ. ತೆರೆದರೆ ನೂರಾರು ಗುಂಡಿ! ಲ್ಯಾಪ್‌ಟಾಪು ಒಮ್ಮೆ ಬಿಕ್ಕಳಿಸಿ ಕಣ್ಣು ಮುಚ್ಚಿತು.

"ನಾಳೆ ಆಫೀಸ್ಗೆ ರಿಪೋರ್ಟ್ ಕಳಿಸ್ಬೇಕು ಕಣೇ! ಏನ್ ಮಾಡ್ದೆ?"

"ಏನೂ ಮಾಡಿಲ್ಲ. ಓಪನ್ ಮಾಡ್ದೆ."

"ನೀನು ಓಪನ್ ಮಾಡಿದ್ದೇ ಸಾಕಾಯ್ತು ಬುಡು!"

ಮೂರನೆಯದು ಬಲು ಮರ್ಯಾದಸ್ಥ ಆ್ಯಪ್. 'ನೀವು ದೃಶ್ಯಗಳನ್ನೂ ಹಾಡನ್ನೂ ಹಾಕಿ ಸಾಕು, ಸ್ಪಷ್ಟವಾದುದನ್ನು ನಾನೇ ಆರಿಸಿ ತಾಳಕ್ಕೆ ಕೂರಿಸುತ್ತೇನೆ' ಎಂದಿತು. ಹಾಕಿದೆ. ಹಾಡು ಉದ್ದ, ದೃಶ್ಯ ಸಾಲದು ಎಂದಿತು.

ಹುಟ್ಟುಹಬ್ಬದ ಹಿಂದಿನ ದಿನ ಅಕ್ಕೂರಿಗೆ, ಅತ್ತೆಯ ಮನೆಗೆ ಹೋದೆವು. ಹುಳುಮನೆಯಲ್ಲಿ ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗಳ ಮೇಲೆ ಬಿಟ್ಟಿದ್ದರು. ಸಾವಿರಾರು ಹುಳು ತಲೆ ಎತ್ತಿ ಅತ್ತಿಂದಿತ್ತ ಆಡಿಸುತ್ತಿದ್ದವು. ಥೇಟ್ ಅಭಿಮಾನಿಗಳು! ಬಾಗಿಲಲ್ಲೇ ನಿಂತು ಫೋನಿನಲ್ಲಿ ಹಿಡಿದೆ. ಹುಳುವಿಗೆ ಕಣ್ಣು ತಗಲೀತೆಂದು ಅತ್ತೆ ಪಕ್ಕದ ಮನೆಯವರನ್ನೂ ಆ ಕೋಣೆಗೆ ಬಿಡುವುದಿಲ್ಲ, ಗೊತ್ತು. ನಾನೂ ಯಾರನ್ನೂ ಒಳಗೆ ಬಿಡಲಿಲ್ಲ. ಒಳಗಿದ್ದುದನ್ನು ಹೊರಗೆ ತಂದೆ, ಅಷ್ಟೇ.

ಆ ತುಣುಕನ್ನೂ ಆ್ಯಪಿಗೆ ಹಾಕಿ ಗುಂಡಿ ಒತ್ತಿದೆ. ವಿಡಿಯೋ ಸಿದ್ಧ! ಉತ್ತರ ಪತ್ರಿಕೆ ಕೊಡುವ ಮೊದಲು ಒಮ್ಮೆ ನೋಡಬೇಕೆಂದು ನಮ್ಮ ಕಾನ್ವೆಂಟಿನ ಸಿಸ್ಟರ್ ಹತ್ತು ವರ್ಷ ಹೇಳಿದ್ದರು. ನೋಡದೆ ಕುಮಾರನಿಗೆ ಕಳಿಸಿದೆ.

ಮರುದಿನ ಬೆಳಿಗ್ಗೆ ಶಾಮಿಯಾನದೊಳಗೆ ದೊಡ್ಡ ಪರದೆ, ಮುಂದಿನ ಸಾಲಿನಲ್ಲಿ ಅತ್ತೆ. ತಮಟೆಯ ಪೆಟ್ಟಿಗೆ ಹೀರೋ ಎಂಟ್ರಿ ಆಗಬೇಕು. ಸೀಟಿ ಹೊಡೆಯಲು ಎಲ್ಲರೂ ಬಾಯಿಗೆ ಬೆರಳಿಟ್ಟುಕೊಂಡಿದ್ದರು. ತಮಟೆ ಮೊಳಗಿತು. ಪರದೆ ತುಂಬ ಹುಳು!

ಬೆರಳು ಬಾಯಲ್ಲೇ ಉಳಿಯಿತು. ನನ್ನ ಬಳಿ ಇದ್ದುದರಲ್ಲಿ ಸ್ಪಷ್ಟವಾದ ದೃಶ್ಯ ಅದೊಂದೇ ಎಂದು ಆ ಮರ್ಯಾದಸ್ಥ ಆ್ಯಪ್ ಪ್ರಾಮಾಣಿಕವಾಗಿ ತೀರ್ಮಾನಿಸಿತ್ತು. ಆಮೇಲೆ ಹೀರೋ ಬಂದ, ಮಬ್ಬುಮಬ್ಬಾಗಿ. ಅವನ ಮುಖದ ಮೇಲೆ, ಒರೆಸಿ ಹೊಳೆಸಿದ ಗಾಜಿನ ಕೃಪೆಯಿಂದ, ನಾನು! ಹೂವಿನ ನೈಟಿ, ತಲೆಗೆ ಸುತ್ತಿದ ಟವೆಲ್ಲು. ಕಿತ್ತುಹೋದ ಗುಂಡಿಯ ಜಾಗದಲ್ಲಿ ಹಾಕಿದ್ದ ಪಿನ್ನೂ ಕಾಣುತ್ತಿತ್ತು. ಹೀರೋ ಒಬ್ಬೊಬ್ಬ ಖಳನನ್ನು ಹೊಡೆದಾಗಲೂ ನಾನು ಮೂಗು ಕೆರೆದುಕೊಳ್ಳುತ್ತಿದ್ದೆ.

"ಅದ್ಯಾರ್ಲಾ ಹೀರೋಯಿನ್ನು?" ಹಿಂದಿನ ಸಾಲಿನಿಂದ ಒಬ್ಬ ಕೇಳಿದ.

"ಹೀರೋಯಿನ್ ಅಲ್ಲ ಕಣ್ಲಾ, ಅಧ್ಯಕ್ಷರ ಅತ್ಗೆ!"

ಪವಿತ್ರ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಒಂದ್ ಪಾರಿವಾಳನಾದ್ರೂ ಹಾಕ್ಬೋದಿತ್ತು ಅಕ್ಕ" ಎಂದಳು.

ಅತ್ತೆ ನಗಲಿಲ್ಲ. "ಅಯ್ಯೋ ನನ್ ಹುಳಾ! ಗೂಡು ಕಟ್ಟೋ ಮುಂಚೇನೇ ಊರ್ಗೆಲ್ಲ ತೋರ್ಸ್ಬುಟ್ಯಲ್ಲವ್ವಾ!" ಎಂದು ಎದ್ದು ಮನೆಗೆ ನಡೆದರು. ಹಿಂದೆ ನಾನು. ಹುಳುಮನೆಯ ಬಾಗಿಲಿಗೆ ಉಪ್ಪು, ಒಣಮೆಣಸಿನಕಾಯಿ ಮೂರು ಸಲ ಇಳಿ ತೆಗೆದು ಹಿತ್ತಲ ಒಲೆಗೆ ಹಾಕಿದರು.

"ನೋಡ್ದಾ? ಒಸಿನೂ ಘಾಟಿಲ್ಲ! ಅಷ್ಟು ಕಣ್ ಬಿದ್ದೈತೆ!"

ನಾನು ಮೆಲ್ಲಗೆ ಫೋನು ಮುಂದೆ ಚಾಚಿದೆ. "ಅತ್ತೆ, ಹಂಗೇ ನನ್ನ ವಿಡಿಯೋಗೂ ಒಂದ್ಸಲ ಇಳಿ ತೆಗೀರಿ."

ಅತ್ತೆ ಪರದೆಯ ಮೇಲಿದ್ದ ನನ್ನನ್ನು ನೋಡಿದರು. ಎದುರಿಗಿದ್ದ ನನ್ನನ್ನೂ ನೋಡಿದರು. ಮೆಣಸಿನಕಾಯಿ ಡಬ್ಬಿಯ ಮುಚ್ಚಳ ಬಿಗಿದರು.

"ಅದುಕ್ ಯಾರ್ ಕಣ್ಣೂ ತಗಲಾಕಿಲ್ಲ ಬುಡವ್ವ. ಈ ಫೋಟೋನ ದೊಡ್ದಾಗಿ ಪ್ರಿಂಟ್ ಹಾಕ್ಸ್ಕಂಡು ಬಾ. ಹುಳುಮನೆ ದೃಷ್ಟಿಬೊಂಬೆ ಹಳೇದಾಗೈತೆ."

ಈಗ ಆ ಬಾಗಿಲಲ್ಲಿ ಹೀರೋ ಇದ್ದಾನೆ. ನೈಟಿ, ಟವೆಲ್ಲು ಸಮೇತ ನಾನೂ ನೇತಾಡುತ್ತಿದ್ದೇನೆ. ಹದಿನಾರು ವರ್ಷಕ್ಕೆ, ಕೊನೆಗೂ, ಆ ಮನೆಗೆ ನನ್ನಿಂದ ಒಂದು ಉಪಯೋಗವಾಯಿತು!