ಮೂರನೇ ಕಾಲಮ್ಮಿನ ಯಜಮಾನ

ಸವಣೂರಿನಲ್ಲಿ ನಮ್ಮ ಮನೆಯ ಯಜಮಾನ ಯಾರೆಂದು ಕೇಳಿದರೆ ಸಣ್ಣ ಕೂಸೂ "ಪರಮೇಶಪ್ಪ" ಎಂದು ನನ್ನ ಹೆಸರು ಹೇಳುತ್ತದೆ. (ಮನೆಯೊಳಗೆ ಮಾತ್ರ ಯಾರೂ ಹೇಳುವುದಿಲ್ಲ, ಆ ಮಾತು ಬೇರೆ.) ಇಂಥ ನನಗೆ ಹೆತ್ತ ಮಗಳೇ ಮಾಡಿದ ಘನಂದಾರಿ ಉಪಕಾರವನ್ನು ನಿಮ್ಮ ಮುಂದೆ ತೋಡಿಕೊಳ್ಳದಿದ್ದರೆ ಉಂಡ ಅನ್ನ ಅರಗುವುದಿಲ್ಲ.

ಮಗಳು ಸಮತಾ ಪಿಯುಸಿ ಮುಗಿಸಿ 'ಆರೋಗ್ಯ ಮತ್ತು ಸಾಮಾಜಿಕ ಆರೈಕೆ' ಎಂಬ ಒಂದು ವರ್ಷದ ಕೋರ್ಸಿಗೆ ಸೇರಿದಳು. ಹೆಸರು ಉದ್ದವಿತ್ತು, ಅದಕ್ಕೇ ಒಪ್ಪಿದ್ದೆ. ನನ್ನ ವೀಳ್ಯದೆಲೆ ಅಂಗಡಿಗೆ ಬಂದವರಿಗೆಲ್ಲ "ಮಗಳು ಡಾಕ್ಟರ್ ಲೈನಿನ್ಯಾಗ ಅದಾಳ್ರಿ" ಎಂದು ಎಲೆಯ ಜೊತೆ ಸುದ್ದಿಯನ್ನೂ ಕಟ್ಟಿ ಕೊಡುತ್ತಿದ್ದೆ. ಒಂದು ದಿನ ಸೋದರಮಾವನ ಮಗ ಉಳಿವೆಪ್ಪ ಬಂದ. ನನ್ನದೇ ಎಲೆ ಬಾಯಿಗೆ ಹಾಕಿಕೊಂಡು ನನ್ನ ಮೇಲೆಯೇ ಉಗುಳಿದ. (ಮಾತನ್ನು.)

"ಅಲ್ಲೋ ಪರಮೇಶಿ, ಅದು ಮುದುಕರಿಗೆ ಎರಿಯೋದು, ಉಣಸೋದು, ಕುಂಡಿ ತೊಳಿಯೋದು ಕಲಿಸೋ ಕೋರ್ಸಂತಲ್ಲೋ! ಡಾಕ್ಟರ್ ಲೈನ್ ಎಲ್ಲೈತಿ ಅದರಾಗ?"

ಅಂಗಡಿಯಲ್ಲಿದ್ದ ನಾಲ್ಕು ಮಂದಿ ನಕ್ಕರು. ನಾನು ಮನೆಗೆ ಬಂದವನೇ ಕುರ್ಚಿಯ ಮೇಲೆ ಕುಳಿತು ರಾಜಾಜ್ಞೆ ಹೊರಡಿಸಿದೆ: "ನಾಳಿಂದ ಕೋರ್ಸ್ ಬಂದ್! ಮಂದಿ ಚಾಕರಿ ಮಾಡಾಕ ನಾ ಮಗಳನ್ನ ಓದಿಸಿಲ್ಲ."

ಸಮತಾ ಅಳಲಿಲ್ಲ. ಅತ್ತಿದ್ದರೆ ಗೆಲ್ಲುವುದು ಸುಲಭವಿತ್ತು.

"ಅಪ್ಪಾ, ಮುಂದಿನ ತಿಂಗಳ ದವಾಖಾನ್ಯಾಗ ಟ್ರೇನಿಂಗ್ ಐತಿ. ನಿನ್ನ ಸಹಿ ಇಲ್ದ ತಗೊಳ್ಳೂದಿಲ್ಲ. ಅದಕ್ಕಿಂತ ಮೊದ್ಲ ಮನ್ಯಾಗ ಒಬ್ಬರನ್ನ ಒಂದ್ ತಿಂಗಳು ಆರೈಕಿ ಮಾಡಿ ತೋರಸ್ಬೇಕು. ಅದರಾಗ ಫೇಲಾದ್ರ ನಾನಽ ಕೋರ್ಸ್ ಬಿಡ್ತೇನಿ. ಪಾಸಾದ್ರ ಸಹಿ ಮಾಡ್ತಿಯೇನು?"

ನನ್ನ ತಲೆಯಲ್ಲಿ ಮಿಂಚು ಹೊಳೆಯಿತು. ಮನೆಯಲ್ಲಿ ಆರೈಕೆಗೆ ಯೋಗ್ಯವಾದ ಜೀವ ಒಂದೇ, ಎಪ್ಪತ್ತೆಂಟರ ನನ್ನ ಅವ್ವ ಅಡಿವೆವ್ವ. ಅವಳ ಮೈಗೆ ಕೈ ಹಚ್ಚಿದವರ ಕೈ ಅವರಿಗೆ ವಾಪಸು ಸಿಗುವುದು ಅನುಮಾನ. ಮಗಳು ಫೇಲಾಗುವುದು ಖಾತ್ರಿ. "ಆತು, ಮಾತಂದ್ರ ಮಾತು" ಎಂದೆ.

ಮರುದಿನ ಸಮತಾ ಒಂದು ಫಾರ್ಮ್ ಹಿಡಿದು ಅಜ್ಜಿಯ ಮುಂದೆ ಕುಳಿತಳು. ಅದರಲ್ಲಿ ಮೂರು ಕಾಲಮ್ಮು: 'ಸ್ವತಃ', 'ಸ್ವಲ್ಪ ನೆರವು', 'ಪೂರ್ತಿ ನೆರವು'.

"ಆಯಿ, ನಿಂಗ ಜಳಕ ಯಾರು ಮಾಡಸ್ತಾರ?"

"ಯಾಕ, ನನ್ನ ಕೈಗೇನ್ ಲಕ್ವಾ ಹೊಡದೈತೇನ?"

"ಅರಿವಿ?"

"ನನ್ನ ಸೀರಿ ನಾನಽ ಒಗಿತೇನಿ."

"ಗುಳಿಗಿ?"

"ಮುಂಜಾನಿ ಬಿಳೇದು, ಸಂಜೀಕ ಕೆಂಪಂದು. ಮುಗದ್ರ ನಾನಽ ಹೋಗಿ ತರ್ತೇನಿ."

ಗೆರೆಗಳೆಲ್ಲ ಮೊದಲನೇ ಕಾಲಮ್ಮಿಗೆ ಬಿದ್ದವು. ನಾನು ಮೀಸೆಯಲ್ಲೇ ನಕ್ಕು, "ರೋಗಿನೂ ಇಲ್ಲ, ಕೋರ್ಸೂ ಇಲ್ಲ" ಎಂದೆ.

ಅವ್ವ ಅಡಕತ್ತರಿಯಿಂದ ಕಣ್ಣೆತ್ತದೆ, "ಕುರ್ಚಿ ಮ್ಯಾಲ ಇನ್ನೊಬ್ಬಾಂವ ಕುಂತಾನಲ್ಲ, ಅವನ್ನ ಕೇಳು" ಎಂದಳು.

ನಾನು ಎಡವಿದ್ದು ಇಲ್ಲೇ. ಆ ಫಾರ್ಮು ಮನೆಯಲ್ಲಿ ಯಾರ ದರ್ಬಾರು ಎಷ್ಟು ಎಂದು ಅಳೆಯುತ್ತದೆ ಅಂದುಕೊಂಡುಬಿಟ್ಟೆ! ಗಂಡಸಿಗೆ ಎಲ್ಲ ಕುಂತಲ್ಲೇ ಬರಬೇಕು. ಎಷ್ಟು ಬರುತ್ತದೋ ಅಷ್ಟು ದೊಡ್ಡಸ್ತಿಕೆ. ನಾವು ಬೆಳೆದದ್ದು ಹಾಗೆ.

"ಅಪ್ಪಾ, ಜಳಕ?"

"ನಿಮ್ಮವ್ವ ನೀರ ಕಾಸಿ, ತೋಡಿ, ಹದಾ ನೋಡಿ, ಬೆನ್ನ ತಿಕ್ಕಿ ಹೋಗ್ತಾಳ."

"ಅರಿವಿ?"

"ಕಾಟಿನ ಮ್ಯಾಲ ಇಟ್ಟಿರ್ತಾಳ. ಅಂಗಿ ಗುಂಡಿ ಸುದ್ದಾ ತಗದು!"

"ಊಟ?"

"ತಾಟು ತಾನಽ ಬರ್ತೈತಿ. ಸಾರಿನ್ಯಾಗಿನ ಕರಿಬೇವು ಆರಿಸಿ ತಗದಿರ್ತಾಳ."

"ಬಿಪಿ ಗುಳಿಗಿ?"

"ಯಾವ್ದು, ಯಾವಾಗ, ಅದೆಲ್ಲ ನಂಗ್ಯಾಕ ಬೇಕು? ಕೈ ಚಾಚಿದ್ರ ಬರ್ತೈತಿ." ಹೇಳುತ್ತ ಮೀಸೆ ತಿರುವಿದೆ.

ಸಮತಾ ಅಂಕ ಕೂಡಿಸಿದಳು. "ಆಯಿಗೆ ನೂರಕ್ಕ ನೂರು. ನಿಂಗ ಇಪ್ಪತ್ತು."

"ಇಪ್ಪತ್ತಂದ್ರ?"

"ಹಾಸಿಗಿ ಹಿಡದವರಿಗೆ ಇಷ್ಟು ಬರ್ತೈತಿ, ಅಪ್ಪಾ."

ಅಡಿಗೆಮನೆಯಿಂದ ನನ್ನ ಹೆಂಡತಿ ಸುಜಾತಾಳ ನಗು ಕೇಳಿಸಿತು. ಆಮೇಲೆ ನಿಂತಿತು. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

"ಸಮತಾ, ಆರೈಕಿ ಮಾಡೋರ ಹೆಸರು ಬರಿಯಾಕ ಜಾಗ ಐತೇನ ಅದರಾಗ?"

"ಐತಿ ಅವ್ವಾ."

"ಎಷ್ಟ ವರ್ಷದಿಂದ ಅಂತ?"

"ಅದಕ್ಕೂ ಐತಿ."

"ಹಂಗಾರ ಬರಿ. ಇಪ್ಪತ್ತೆರಡು."

ನನಗೆ ನಗು ಬರಲಿಲ್ಲ. 'ಮಂದಿ ಚಾಕರಿ' ಎಂದು ನಿನ್ನೆಯಷ್ಟೇ ಕೂಗಾಡಿದ್ದೆ. ಅಂಗಡಿಯಲ್ಲಿ ಎಲೆಗೆ ದಿನಕ್ಕೆ ಮೂರು ಸಲ ನೀರು ಚಿಮುಕಿಸುತ್ತೇನೆ, ಹಸಿ ಬಟ್ಟೆ ಹೊದಿಸುತ್ತೇನೆ, ಕೊಳೆತದ್ದನ್ನು ಒಂದೊಂದಾಗಿ ಆರಿಸುತ್ತೇನೆ. ಈ ಹೆಂಗಸಿಗೆ ಒಂದು ದಿನವೂ ಒಂದು ಲೋಟ ನೀರು ತುಂಬಿ ಕೊಟ್ಟವನಲ್ಲ. ನಾಚಿಕೆಯಾಯಿತು. ಮುಚ್ಚಿಡುವುದೇನು, ಬಹಳ ನಾಚಿಕೆಯಾಯಿತು.

ಆದರೆ ನಾಚಿಕೆ ಬೇರೆ, ಹಟ ಬೇರೆ. ಫಾರ್ಮಿನ ಲೆಕ್ಕದಲ್ಲಿ ಮಗಳ ಒಂದು ತಿಂಗಳ ರೋಗಿ ಈಗ ನಾನೇ. ರೋಗಿಗೆ ಎಲ್ಲ ಮಾಡಿ ಕೊಡುವುದು ಆರೈಕೆಯಲ್ಲವಂತೆ, ತಾನೇ ಮಾಡಿಕೊಳ್ಳಲು ಹಚ್ಚುವುದು ಆರೈಕೆಯಂತೆ. ಸಮತಾಳ ಟೀಚರು ನೀಲಾಂಬಿಕಾ ಮೇಡಂ ಹಾಗೆ ಕಲಿಸಿದ್ದರು. ಅಂದರೆ ರೋಗಿ ಸುಧಾರಿಸದಿದ್ದರೆ ಮಗಳು ಫೇಲು. ಗೆಲ್ಲಲು ನಾನು ಮಾಡಬೇಕಾದದ್ದು ಏನೂ ಇರಲಿಲ್ಲ, ಇದ್ದ ಹಾಗೆ ಕುರ್ಚಿಯಲ್ಲಿ ಇದ್ದರಾಯಿತು. (ಅದರಲ್ಲಿ ನಾನು ಪಂಡಿತ.) ನಾಲ್ಕು ದಿನ ಕುಳಿತೆ. ಐದನೇ ದಿನ ಅವಳ ನೋಟ್‌ಬುಕ್ಕು ಕಣ್ಣಿಗೆ ಬಿತ್ತು. 'ರೋಗಿ ಸಹಕರಿಸುತ್ತಿಲ್ಲ' ಎಂದು ಬರೆದು, ಹೊಡೆದುಹಾಕಿ, ಕೆಳಗೆ 'ರೋಗಿಗೆ ಇನ್ನೂ ಸ್ವಲ್ಪ ಸಮಯ ಬೇಕು' ಎಂದು ಬರೆದಿದ್ದಳು.

ಎದ್ದು ಹೋಗಿ ನೀರು ತೋಡಿಕೊಂಡೆ. ಮೊದಲ ದಿನ ಕಾಲು ಸುಟ್ಟಿತು, ಎರಡನೇ ದಿನ ಹಲ್ಲು ಕಟಕಟಿಸಿತು. ನಮ್ಮ ಮನೆಯಲ್ಲಿ ಎರಡನೇ ಟ್ರಂಕು ಇದೆ, ನನ್ನ ಚಡ್ಡಿ ಬನಿಯನ್ನು ಅದರಲ್ಲಿ ವಾಸಿಸುತ್ತವೆ ಎಂಬುದು ನನ್ನ ಸ್ವಂತ ಸಂಶೋಧನೆ. ತಿಂಗಳ ಹೊತ್ತಿಗೆ ಚಹಾ ಮಾಡುವುದನ್ನೂ ಕಲಿತೆ.

ನೀಲಾಂಬಿಕಾ ಮೇಡಂ ಬಂದರು, ನಾನು ಮಾಡಿದ ಚಹಾ ಕುಡಿದರು, ಬದುಕಿದರು. ಫಾರ್ಮಿನ ಕೆಳಗೆ ಹೀಗೆ ಬರೆದರು: 'ರೋಗಿ ಚೇತರಿಸಿಕೊಂಡಿದ್ದಾರೆ. ಇನ್ನು ಒಬ್ಬರನ್ನೇ ಮನೆಯಲ್ಲಿ ಬಿಟ್ಟು ಹೋಗಬಹುದು.' ಮಗಳು ಪಾಸು! ನಾನೇ ಪಾಸಾದಷ್ಟು ಹಿಗ್ಗಿ ಟ್ರೇನಿಂಗಿನ ಕಾಗದಕ್ಕೆ ದೊಡ್ಡದಾಗಿ ಸಹಿ ಹಾಕಿದೆ.

ಸುಜಾತಾ ಆ ಕೊನೆಯ ಸಾಲನ್ನು ಮಗಳಿಂದ ಎರಡು ಸಲ ಓದಿಸಿದಳು. ಒಳಗೆ ಹೋದವಳು ಚೀಲ ಹಿಡಿದು ಹೊರಬಂದಳು.

"ನಾ ತಿಳವಳ್ಳಿಗೆ ಹೋಗಿ ಬರ್ತೇನ್ರಿ. ಇಕಿನ್ನ ಹಡದು ಬಾಣಂತನ ಆದ ಮ್ಯಾಲ ತವರಮನ್ಯಾಗ ನಾಕ್ ದಿನ ಕುಂತಾಕಿ ಅಲ್ಲ."

"ಯಾವಾಗ ಬರ್ತಿ?"

"ಎಷ್ಟ ದಿನಾ ಬಿಟ್ಟು ಹೋಗಬಹುದಂತ ಮೇಡಮ್ಮಾರು ಫಾರ್ಮಿನ್ಯಾಗ ಬರದಿಲ್ಲಲ್ರಿ."

ಸಮತಾ ಟ್ರೇನಿಂಗಿಗೆ ಹೋದಳು, ಸುಜಾತಾ ಬಸ್ಸು ಹತ್ತಿದಳು. ಮರುದಿನ ಬೆಳಿಗ್ಗೆ ಮನೆಯಲ್ಲಿ ಉಳಿದವರು ನಾನು ಮತ್ತು ನೂರಕ್ಕೆ ನೂರರ ನನ್ನ ಅವ್ವ. ಅವಳಿದ್ದಾಳಲ್ಲ, ರೊಟ್ಟಿಗೇನು ಚಿಂತೆ ಎಂದು ನಾನು ಧೈರ್ಯವಾಗಿದ್ದೆ.

ಅವ್ವ ಕಂಬಕ್ಕೆ ಒರಗಿ, ಕಾಲು ಚಾಚಿ, ನನ್ನ ಕುರ್ಚಿಯನ್ನೊಮ್ಮೆ ನೋಡಿ, ಹಾಯಾಗಿ ಉಸಿರು ಬಿಟ್ಟಳು.

"ಪರಮ್ಯಾ, ಇಷ್ಟ ವರ್ಷ ನಂಗ ನೂರು ಬಂದದ್ದು ಸಾಕು. ಇವತ್ತಿಂದ ನನ್ನ ಹೆಸರು ಮೂರನೇ ಕಾಲಮ್ಮಿನ್ಯಾಗ ಬರಕೊ. ಮೊದ್ಲ ನೀರ ಕಾಸು."